ಒಂದರ ಮೇಲೊಂದು ಕೂತ ಎರಡು ಗೆರೆಗಳು

ಆ ಪೋಸ್ಟರ್ ಇದ್ದದ್ದು ಹಾಲ್‌ನ ಕೊನೆಯ ಸಾಲಿನಲ್ಲಿ. ಬಾಗಿಲಿನಿಂದ ದೂರ, ಕಾಫಿ ಇಟ್ಟಿದ್ದ ಮೇಜಿನಿಂದ ಇನ್ನೂ ದೂರ. ಮುಪ್ಪಿನ ಜೀವವಿಜ್ಞಾನದ ಬಗ್ಗೆ ನಡೆಯುತ್ತಿದ್ದ ಸಮ್ಮೇಳನದ ಎರಡನೆಯ ಸಂಜೆ ಅದು. ಬೆಳಗ್ಗೆಯಿಂದ ಭಾಷಣ ಕೇಳಿ ಕೇಳಿ ತಲೆ ಭಾರವಾಗಿತ್ತು. ಸುಮ್ನೆ ಒಂದು ಸುತ್ತು ಹಾಕಿ ರೂಮಿಗೆ ಹೋಗೋಣ ಅಂದುಕೊಂಡು ನಡೆಯುತ್ತಿದ್ದೆ. ದೂರದಿಂದ ನೋಡಿದರೆ ಆ ಪೋಸ್ಟರಿನ ನಡುವೆ ಇಳಿಜಾರಾಗಿ ಒಂದೇ ಗೆರೆ ಕಾಣುತ್ತಿತ್ತು. ಹತ್ತಿರ ಹೋದ ಮೇಲೆ ಗೊತ್ತಾಯಿತು, ಗೆರೆ ಎರಡು ಇವೆ. ದಿನ ಕಳೆದಂತೆ ಎಷ್ಟು ಹುಳ ಬದುಕಿ ಉಳಿದಿವೆ ಎಂದು ತೋರಿಸುವ ಗೆರೆಗಳು. ನೀಲಿ ಗೆರೆಯ ಮೇಲೆ ಕಿತ್ತಳೆ ಗೆರೆ ಕೂತಿತ್ತು. ನೀಲಿ ಗೆರೆ, ಆಯಸ್ಸು ಹೆಚ್ಚಿಸಬಹುದು ಅಂದುಕೊಂಡ ಔಷಧವನ್ನು ಕೊಡದ ಹುಳಗಳದ್ದು. ಕಿತ್ತಳೆ ಗೆರೆ, ಅದನ್ನು ಕೊಟ್ಟವುಗಳದ್ದು. ಎರಡೂ ಗುಂಪಿನ ಹುಳಗಳು ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಸತ್ತಿದ್ದವು.

ಪಕ್ಕದಲ್ಲಿ ನಿಂತಿದ್ದ ಹುಡುಗಿ ಪಿಎಚ್‌ಡಿಯ ನಾಲ್ಕನೆಯ ವರ್ಷದಲ್ಲಿದ್ದಳು. ಆ ಸಂಜೆ ಅವಳ ಹತ್ತಿರ ನಿಂತವರಲ್ಲಿ ನಾನೇ ಮೊದಲಿಗಳೇನೋ, ಬಹಳ ಉತ್ಸಾಹದಿಂದ ವಿವರಿಸಿದಳು. ಒಮ್ಮೆ ಅಲ್ಲ, ನಾಲ್ಕು ಸಲ ಪ್ರಯೋಗ ಮಾಡಿದ್ದಾಳೆ. ಪ್ರತಿ ಸಲ ಒಂದೊಂದು ಗುಂಪಿಗೆ ನೂರಕ್ಕೂ ಜಾಸ್ತಿ ಹುಳ. ಔಷಧದ ಪ್ರಮಾಣ ಬದಲಿಸಿ ನೋಡಿದ್ದಾಳೆ, ಶುರು ಮಾಡುವ ದಿನ ಬದಲಿಸಿ ನೋಡಿದ್ದಾಳೆ. ಏನೂ ಆಗಲಿಲ್ಲ. ಅವಳು ಹೇಳಿ ಮುಗಿಸುವಷ್ಟರಲ್ಲಿ ನನ್ನ ಹಿಂದೆ ಇನ್ನೊಬ್ಬರು ಬಂದು ನಿಂತರು. ವಯಸ್ಸಿನಲ್ಲಿ ಹಿರಿಯರು, ದೊಡ್ಡ ಲ್ಯಾಬ್ ನಡೆಸುವವರು. ಪೋಸ್ಟರ್ ನೋಡಿ ತಲೆಯಾಡಿಸಿ, "ಓ, ಇದಾ? ನಮಗೂ ಹೀಗೇ ಆಗಿತ್ತು. ಐದಾರು ವರ್ಷ ಆಯ್ತು" ಅಂದರು.

ಹುಡುಗಿಯ ಮುಖ ಒಂದು ಕ್ಷಣ ಅರಳಿತು. "ಎಲ್ಲಿ ಬಂದಿದೆ ಸರ್ ಅದು? ನಾನು ತುಂಬ ಹುಡುಕಿದೆ, ಸಿಗಲಿಲ್ಲ."

"ಪ್ರಕಟ ಮಾಡಲಿಲ್ಲಮ್ಮ. ಏನೂ ಆಗಲಿಲ್ಲವಲ್ಲ, ಏನಂತ ಬರೆಯೋದು?"

ಅವರು ಸಮಾಧಾನ ಹೇಳಲಿಕ್ಕೇ ಹಾಗೆ ಅಂದದ್ದು. ನೀನು ತಪ್ಪು ಮಾಡಿಲ್ಲ, ಚಿಂತೆ ಮಾಡಬೇಡ ಅನ್ನುವ ಧ್ವನಿ ಇತ್ತು ಅದರಲ್ಲಿ. ಆದರೆ ಆ ಹುಡುಗಿ ಪೋಸ್ಟರಿನ ಕಡೆ ತಿರುಗಿ, ಸುರುಳಿಯಾಗುತ್ತಿದ್ದ ಒಂದು ಮೂಲೆಯನ್ನು ಹೆಬ್ಬೆರಳಿಂದ ಒತ್ತಿ ಹಿಡಿದು ಸುಮ್ಮನೆ ನಿಂತಳು. ಪಿನ್ ಬಿದ್ದುಹೋಗಿತ್ತು. ಎರಡು ವರ್ಷದ ಕೆಲಸ ಅವಳದು. ಐದಾರು ವರ್ಷದ ಹಿಂದೆಯೇ ಯಾರಿಗೋ ಗೊತ್ತಿದ್ದ ಸಂಗತಿಯನ್ನು ತಿಳಿಯಲು ಅವಳು ಎರಡು ವರ್ಷ ಕೊಟ್ಟಿದ್ದಳು. ಆ ಹೆಬ್ಬೆರಳು ಇವತ್ತಿಗೂ ನನ್ನ ಕಣ್ಣ ಮುಂದೆ ಬರುತ್ತದೆ.

ಹುಳ ಎಣಿಸುವ ಕೆಲಸ

ಎರಡು ವರ್ಷ ಅಂದರೆ ಏನು ಅಂತ ನನಗೆ ಗೊತ್ತು. ನಾನೂ ಈ ಹುಳಗಳನ್ನು ಎಣಿಸಿದವಳು. ಸಿ. ಎಲೆಗನ್ಸ್ ಅನ್ನುವ ಈ ಹುಳ ಒಂದು ಮಿಲಿಮೀಟರ್ ಉದ್ದ ಇರುತ್ತದೆ. ಬದುಕುವುದು ಎರಡು ಮೂರು ವಾರ. ಮುಪ್ಪನ್ನು ಅಧ್ಯಯನ ಮಾಡುವವರಿಗೆ ಅದು ಬೇಕಾಗುವುದೇ ಇದಕ್ಕೆ. ಒಂದು ಇಡೀ ಬಾಳನ್ನು ಒಂದು ತಿಂಗಳೊಳಗೆ ಪೂರ್ತಿಯಾಗಿ ನೋಡಬಹುದು. 1993ರಲ್ಲಿ ಸಿಂಥಿಯಾ ಕೆನ್ಯನ್ ಮತ್ತು ಅವರ ಜೊತೆಗಾರರು ಡಾಫ್-2 ಎಂಬ ಒಂದೇ ಜೀನ್ ಬದಲಾದರೆ ಈ ಹುಳ ಎರಡು ಪಟ್ಟಿಗಿಂತ ಜಾಸ್ತಿ ಬದುಕುತ್ತದೆ ಎಂದು ತೋರಿಸಿದರು. ಆಮೇಲೆ ಈ ಕ್ಷೇತ್ರ ಮೊದಲಿನಂತೆ ಉಳಿಯಲಿಲ್ಲ. ಆಯಸ್ಸು ಕಲ್ಲಿನ ಮೇಲೆ ಬರೆದಿಟ್ಟದ್ದಲ್ಲ, ಅದನ್ನು ಎಳೆಯಬಹುದು ಎಂದು ಎಲ್ಲರಿಗೂ ಅನ್ನಿಸಿತು.

ಎಣಿಸುವುದು ಹೀಗೆ. ಅಂಗೈಯಗಲದ ಪ್ಲೇಟ್, ಅದರಲ್ಲಿ ಅಗರ್ ಎಂಬ ಜೆಲ್ಲಿ, ಅದರ ಮೇಲೆ ಹುಳಗಳಿಗೆ ಆಹಾರವಾಗಿ ಬ್ಯಾಕ್ಟೀರಿಯಾ. ದೊಡ್ಡವಾದ ಮೇಲೆ ಮೊದಲ ಒಂದು ವಾರ ಅವು ಮೊಟ್ಟೆ ಇಟ್ಟು ಮರಿ ಮಾಡುತ್ತಲೇ ಇರುತ್ತವೆ. ಆದ್ದರಿಂದ ದೊಡ್ಡವನ್ನು ಒಂದೊಂದಾಗಿ ಎತ್ತಿ ಹೊಸ ಪ್ಲೇಟಿಗೆ ಬಿಡಬೇಕು, ಇಲ್ಲದಿದ್ದರೆ ತಾಯಿ ಯಾವುದು ಮಗಳು ಯಾವುದು ಗೊತ್ತಾಗುವುದಿಲ್ಲ. ಎತ್ತುವುದಕ್ಕೆ ಕೂದಲಿನಷ್ಟು ತೆಳುವಾದ ಪ್ಲಾಟಿನಂ ತಂತಿ. ತುದಿಯನ್ನು ಬೆಂಕಿಯಲ್ಲಿ ಕಾಯಿಸಿ, ಆರಲು ಬಿಟ್ಟು, ಸ್ವಲ್ಪ ಬ್ಯಾಕ್ಟೀರಿಯಾ ಅಂಟಿಸಿಕೊಂಡು ಹುಳವನ್ನು ಮುಟ್ಟಿದರೆ ಅದು ಅಂಟಿಕೊಂಡು ಬರುತ್ತದೆ. ಕೈ ಸ್ವಲ್ಪ ಗಟ್ಟಿಯಾದರೆ ಗಾಯವಾಗುತ್ತದೆ. ವಯಸ್ಸಾದಂತೆ ಹುಳಗಳು ಓಡಾಟ ಕಡಿಮೆ ಮಾಡುತ್ತವೆ. ಮೊದಲು ಅಲೆಯಂತೆ ಬಳುಕುತ್ತ ಹೋಗುತ್ತಿದ್ದವು ಆಮೇಲೆ ತಲೆ ಮಾತ್ರ ಆಡಿಸುತ್ತ ಬಿದ್ದಿರುತ್ತವೆ. ಆಗ ತಂತಿಯಿಂದ ತಲೆಯ ಹತ್ತಿರ ಮೆಲ್ಲಗೆ ಮುಟ್ಟಬೇಕು. ಅಲುಗಿತಾ? ಬದುಕಿದೆ. ಇನ್ನೊಮ್ಮೆ ಮುಟ್ಟು. ಇನ್ನೂ ಒಮ್ಮೆ. ಅಲುಗದಿದ್ದರೆ ಪುಸ್ತಕದಲ್ಲಿ ಒಂದು ಗೀಟು.

ಯಾವ ಪ್ಲೇಟಿಗೆ ಔಷಧ ಹಾಕಿದೆ ಎಂದು ಎಣಿಸುವವರಿಗೆ ಗೊತ್ತಿರಬಾರದು. ಹೆಸರಿನ ಮೇಲೆ ಟೇಪ್ ಅಂಟಿಸಿರುತ್ತಾರೆ. ಕೊನೆಯ ಹುಳ ಸತ್ತ ಮೇಲೆ ಆ ಟೇಪ್ ಕಿತ್ತು ನೋಡುವ ಗಳಿಗೆ ಇದೆಯಲ್ಲ, ಅದಕ್ಕಾಗಿ ಒಂದು ತಿಂಗಳು ಕಾದಿರುತ್ತೇವೆ. ಹಬ್ಬ ಇಲ್ಲ, ಭಾನುವಾರ ಇಲ್ಲ, ಜ್ವರ ಬಂದರೂ ಎಣಿಸಬೇಕು. ಟೇಪ್ ಕಿತ್ತು, ಅಂಕಿಗಳನ್ನು ಹಾಕಿ, ಗೆರೆ ಎಳೆದಾಗ ಎರಡು ಗೆರೆಗಳ ನಡುವೆ ಜಾಗ ಕಂಡರೆ ಎದೆ ಹಗುರಾಗುತ್ತದೆ. ಜಾಗ ಕಾಣದಿದ್ದರೆ ಮೊದಲು ಬರುವ ಯೋಚನೆ ಒಂದೇ. ನಾನೇ ಎಲ್ಲೋ ತಪ್ಪು ಮಾಡಿದೆ.

ಸಮ್ಮೇಳನದ ದೊಡ್ಡ ಹಾಲ್‌ನಲ್ಲೂ ಎಲ್ಲರ ಕಣ್ಣು ಆ ಜಾಗದ ಮೇಲೇ. ಭಾಷಣಗಳ ಮೊದಲ ಸ್ಲೈಡ್‌ನಲ್ಲಿ ಸಾಮಾನ್ಯವಾಗಿ ಮುಪ್ಪಿನ ಲಕ್ಷಣಗಳ ಬಣ್ಣದ ಚಕ್ರ ಬರುತ್ತದೆ. ವಿಜ್ಞಾನಿಗಳು ಮಾಡಿದ ಆ ಪಟ್ಟಿಯಲ್ಲಿ 2013ರಲ್ಲಿ ಒಂಬತ್ತು ಲಕ್ಷಣ ಇದ್ದವು, 2023ಕ್ಕೆ ಹನ್ನೆರಡಾದವು. ಆಮೇಲೆ ಗೆರೆಗಳು. ನೂರಕ್ಕೆ ನೂರು ಅಂತ ಶುರುವಾಗಿ, ಸ್ವಲ್ಪ ದೂರ ಸಮನಾಗಿ ಹೋಗಿ, ಆಮೇಲೆ ಕೆಳಗೆ ಇಳಿಯುವ ಗೆರೆಗಳು. ಎರಡನೆಯ ಗೆರೆ ಬಲಕ್ಕೆ ಸರಿದಷ್ಟೂ ಹಾಲ್‌ನಲ್ಲಿ ಫೋನುಗಳು ಮೇಲೇಳುತ್ತವೆ. ಅದು ಸಹಜ ಅಂತ ನನಗೂ ಗೊತ್ತು. ನನ್ನ ಫೋನೂ ಎದ್ದಿದೆ. ಆದರೆ ಎರಡೂ ಗೆರೆ ಒಂದಾಗಿರುವ ಸ್ಲೈಡ್‌ಗೆ ಫೋನ್ ಎತ್ತಿದವರನ್ನು ನಾನು ನೋಡಿದ್ದು ತೀರಾ ಕಡಿಮೆ.

ಹೇಫ್ಲಿಕ್‌ಗಿಂತ ಮೊದಲು ಸುಮ್ಮನಿದ್ದವರು

"ಏನೂ ಆಗಲಿಲ್ಲವಲ್ಲ, ಏನಂತ ಬರೆಯೋದು" ಅನ್ನುವ ಮಾತು ಈ ಕ್ಷೇತ್ರಕ್ಕೆ ಹೊಸದಲ್ಲ. ಅದರಿಂದ ಆದ ನಷ್ಟವೂ ಹೊಸದಲ್ಲ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿದ್ದ ಅಲೆಕ್ಸಿಸ್ ಕ್ಯಾರೆಲ್ 1912ರಲ್ಲಿ ಕೋಳಿಮರಿಯ ಭ್ರೂಣದ ಹೃದಯದಿಂದ ಜೀವಕೋಶ ತೆಗೆದು ಗಾಜಿನ ಪಾತ್ರೆಯಲ್ಲಿ ಬೆಳೆಸಲು ಶುರು ಮಾಡಿದರು. ಆ ಕೋಶಗಳು 34 ವರ್ಷ ಬೆಳೆಯುತ್ತಲೇ ಇದ್ದವು ಎಂದು ಹೇಳಲಾಯಿತು. ಕ್ಯಾರೆಲ್‌ಗೆ ನೊಬೆಲ್ ಬಂದಿತ್ತು, ಹೆಸರು ದೊಡ್ಡದು. ಕೋಶಕ್ಕೆ ತನ್ನಷ್ಟಕ್ಕೆ ತಾನೇ ಮುಪ್ಪು ಇಲ್ಲ, ಚೆನ್ನಾಗಿ ನೋಡಿಕೊಂಡರೆ ಅದು ಸಾಯುವುದೇ ಇಲ್ಲ ಎನ್ನುವುದು ಪಾಠವಾಗಿ ಕೂತಿತು.

ಆ ವರ್ಷಗಳಲ್ಲಿ ಬೇರೆ ಲ್ಯಾಬುಗಳಲ್ಲಿ ಕೋಶ ಬೆಳೆಸುತ್ತಿದ್ದವರಿಗೆ ಏನಾಗುತ್ತಿತ್ತು ಅಂತ ಯೋಚಿಸಿ. ಅವರ ಕೋಶಗಳು ಕೆಲವು ತಿಂಗಳು ಬೆಳೆದು ನಿಂತುಹೋಗುತ್ತಿದ್ದವು. ಅವರಿಗೂ ಬಂದ ಯೋಚನೆ ಅದೇ. ನಾನೇ ಎಲ್ಲೋ ತಪ್ಪು ಮಾಡಿದೆ. ಪಾತ್ರೆ ಸರಿಯಾಗಿ ತೊಳೆದಿಲ್ಲ, ಆಹಾರ ಸರಿಯಾಗಿಲ್ಲ, ಕೈ ಪಳಗಿಲ್ಲ. ಹಾಗಂದುಕೊಂಡು ಪಾತ್ರೆ ತೊಳೆದಿಟ್ಟು ಮತ್ತೆ ಶುರು ಮಾಡಿದರು. ಕಣ್ಣ ಮುಂದೆಯೇ ಇದ್ದ ಸತ್ಯ ತಪ್ಪಿನ ಲೆಕ್ಕಕ್ಕೆ ಹೋಯಿತು.

ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ 1961ರಲ್ಲಿ ಬೇರೆ ದಾರಿ ಹಿಡಿದರು. ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ ಅವರು ಬೆಳೆಸುತ್ತಿದ್ದ ಮನುಷ್ಯರ ಕೋಶಗಳು ಸುಮಾರು 50 ಸಲ ಇಮ್ಮಡಿಯಾಗಿ ನಿಂತುಬಿಡುತ್ತಿದ್ದವು. ತಪ್ಪು ನಮ್ಮದಾ, ಕೋಶದ್ದೇ ಸ್ವಭಾವವಾ ಎಂದು ಪರೀಕ್ಷಿಸಲು ಅವರು ಮಾಡಿದ ಪ್ರಯೋಗ ನನಗೆ ಬಹಳ ಇಷ್ಟ. ಆಗಲೇ ಹಲವು ಸಲ ಇಮ್ಮಡಿಯಾಗಿದ್ದ ಗಂಡು ಕೋಶಗಳನ್ನೂ ಇನ್ನೂ ಎಳೆಯದಾಗಿದ್ದ ಹೆಣ್ಣು ಕೋಶಗಳನ್ನೂ ಒಂದೇ ಪಾತ್ರೆಯಲ್ಲಿ ಬೆರೆಸಿದರು. ಒಂದೇ ಆಹಾರ, ಒಂದೇ ಕೈ, ಒಂದೇ ಶಾಖ. ಕೆಲವು ಕಾಲದ ನಂತರ ಕ್ರೋಮೋಸೋಮ್ ನೋಡಿದರೆ ಪಾತ್ರೆಯಲ್ಲಿ ಉಳಿದಿದ್ದವು ಹೆಣ್ಣು ಕೋಶಗಳು ಮಾತ್ರ. ತೊಳೆಯದ ಪಾತ್ರೆಯೋ ಕೆಟ್ಟ ಆಹಾರವೋ ಕಾರಣವಾಗಿದ್ದರೆ ಎರಡೂ ಸಾಯಬೇಕಿತ್ತಲ್ವಾ? ಆ ಬರಹವನ್ನು ಅವರು ಮೊದಲು ಕಳಿಸಿದ ಪತ್ರಿಕೆ ತಿರಸ್ಕರಿಸಿತು. ಬೇರೆ ಕಡೆ ಬಂತು. ಇವತ್ತು ಕೋಶದ ಮುಪ್ಪಿನ ಬಗ್ಗೆ ಯಾರೇ ಮಾತಾಡಿದರೂ ಅಲ್ಲಿಂದಲೇ ಶುರು ಮಾಡಬೇಕು. ಕ್ಯಾರೆಲ್ ಲ್ಯಾಬಿನಲ್ಲಿ ಆಹಾರವಾಗಿ ಹಾಕುತ್ತಿದ್ದ ಭ್ರೂಣದ ರಸದ ಜೊತೆಗೆ ಹೊಸ ಕೋಶಗಳೂ ಪಾತ್ರೆಗೆ ಸೇರುತ್ತಿದ್ದಿರಬೇಕು ಎಂಬ ವಿವರಣೆಯನ್ನು ಹೇಫ್ಲಿಕ್ ಆಮೇಲೆ ಕೊಟ್ಟರು.

ಆ ನಡುವಿನ ವರ್ಷಗಳಲ್ಲಿ ಯಾವುದೋ ಒಂದು ಸಭೆಯಲ್ಲಿ ನಾಲ್ಕು ಜನ ಎದ್ದು ನಿಂತು "ನಮ್ಮ ಕೋಶಗಳು ನಿಂತುಹೋಗುತ್ತಿವೆ, ನಿಮ್ಮವೂ ಹಾಗೇನಾ?" ಅಂತ ಒಟ್ಟಿಗೆ ಕೇಳಿದ್ದರೆ ಏನಾಗುತ್ತಿತ್ತು ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ಜನ ಒಂದು ಕಡೆ ಸೇರುವುದು ಅದಕ್ಕೇ ಅಲ್ವಾ? ಪ್ರಕಟವಾದದ್ದನ್ನು ಮನೆಯಲ್ಲಿ ಕೂತೂ ಓದಬಹುದು. ಗಾರ್ಡನ್ ಎಂಬ ಹೆಸರಿನಲ್ಲಿ ನಡೆಯುವ ವಿಜ್ಞಾನಿಗಳ ಸಮ್ಮೇಳನಗಳಲ್ಲಿ ಒಂದು ನಿಯಮವಿದೆ. ಫೋಟೊ ತೆಗೆಯುವ ಹಾಗಿಲ್ಲ, ರೆಕಾರ್ಡ್ ಮಾಡುವ ಹಾಗಿಲ್ಲ, ಅಲ್ಲಿ ಕೇಳಿದ್ದನ್ನು ಹೊರಗೆ ಉಲ್ಲೇಖಿಸುವ ಹಾಗಿಲ್ಲ. ಇನ್ನೂ ಗಟ್ಟಿಯಾಗದ ಕೆಲಸವನ್ನು ಧೈರ್ಯವಾಗಿ ಹೇಳಲಿ ಎಂಬ ಉದ್ದೇಶ. ಅದು ಒಳ್ಳೆಯ ನಿಯಮ, ನಾನು ಅದನ್ನು ಗೌರವಿಸುತ್ತೇನೆ. ಅಂಥ ಕಡೆ ರಾತ್ರಿ ಊಟದ ಮೇಜಿನಲ್ಲಿ "ಅದು ನಮ್ಮಲ್ಲಿ ಆಗಲಿಲ್ಲ" ಎನ್ನುವ ಮಾತುಗಳೂ ಬರುತ್ತವೆ. ಆದರೆ ಮೇಜಿನಲ್ಲಿ ಕೂತವರಿಗೆ ಮಾತ್ರ ಅವು ಸಿಗುತ್ತವೆ. ಪಿಎಚ್‌ಡಿ ಶುರು ಮಾಡಿ ಯಾವ ಔಷಧ ಆರಿಸಲಿ ಎಂದು ಹುಡುಕುತ್ತಿರುವ ಹುಡುಗಿ ಆ ಮೇಜಿನಲ್ಲಿ ಇರುವುದಿಲ್ಲ.

ಮೊಟ್ಟೆ ಇಟ್ಟ ದಿನ, ಮೊಟ್ಟೆ ಒಡೆದ ದಿನ

"ನಾನೇ ತಪ್ಪು ಮಾಡಿದೆ" ಎಂಬ ಯೋಚನೆ ಪೂರ್ತಿ ಸುಳ್ಳೂ ಅಲ್ಲ. ಇದನ್ನು ಹೇಳದೆ ಮುಂದೆ ಹೋದರೆ ಅನ್ಯಾಯವಾಗುತ್ತದೆ. ಅಮೆರಿಕದ ಮೂರು ಲ್ಯಾಬುಗಳು ಸೇರಿ ಒಂದೇ ಔಷಧವನ್ನು ಒಂದೇ ರೀತಿಯಲ್ಲಿ ಹುಳಗಳಿಗೆ ಕೊಟ್ಟು ನೋಡುವ ಕೆಲಸ ಶುರು ಮಾಡಿದವು. ಬಕ್ ಸಂಸ್ಥೆ, ರಟ್ಗರ್ಸ್ ಮತ್ತು ಒರೆಗಾನ್ ವಿಶ್ವವಿದ್ಯಾಲಯ. ಮೊದಮೊದಲು ಮೂರು ಕಡೆಯ ಅಂಕಿಗಳು ಕೂಡುತ್ತಿರಲಿಲ್ಲ. ಕಾರಣ ಹುಡುಕುತ್ತ ಹೋದರು. ಸಿಕ್ಕಿದ ಕಾರಣಗಳಲ್ಲಿ ಒಂದು ಇದು. ಒಂದು ಲ್ಯಾಬು ಹುಳದ ವಯಸ್ಸನ್ನು ಮೊಟ್ಟೆ ಒಡೆದ ದಿನದಿಂದ ಲೆಕ್ಕ ಹಾಕುತ್ತಿತ್ತು, ಬೇರೆಯವರು ಮೊಟ್ಟೆ ಇಟ್ಟ ದಿನದಿಂದ. ಇಷ್ಟು ವರ್ಷ ಇವರೆಲ್ಲ ಒಂದೇ ಸಮ್ಮೇಳನಗಳಲ್ಲಿ ಒಬ್ಬರ ಗೆರೆ ಒಬ್ಬರು ನೋಡಿದವರು. "ನಿಮ್ಮ ಮೊದಲನೆಯ ದಿನ ಯಾವುದು?" ಅನ್ನುವ ಪ್ರಶ್ನೆ ಮಾತ್ರ ಎಲ್ಲರಿಗೂ ಕೇಳಬೇಕು ಅಂತಲೇ ಅನ್ನಿಸದಷ್ಟು ಸಣ್ಣದಾಗಿ ಕಂಡಿತ್ತು. ಇದನ್ನೆಲ್ಲ ಅವರು 2017ರಲ್ಲಿ ಬಿಚ್ಚಿ ಬರೆದರು. ಓದಿದಾಗ ನಾನು ನನ್ನ ಹಳೆಯ ಪುಸ್ತಕ ತೆಗೆದು, ನಾನು ಯಾವ ದಿನದಿಂದ ಎಣಿಸಿದ್ದೆ ಎಂದು ನೋಡಿದೆ. ಮೊಟ್ಟೆ ಇಟ್ಟ ದಿನದಿಂದ. ಅದನ್ನು ನಮ್ಮ ಪೋಸ್ಟರ್‌ಗಳಲ್ಲಿ ಎಲ್ಲೂ ಬರೆದಿರಲಿಲ್ಲ.

ಹುಳದ ವಿಷಯದಲ್ಲೇ ಹೀಗಾದರೆ ಮನುಷ್ಯರದ್ದು ಕೇಳಬೇಕೇ? 2022ರ ಗಾರ್ಡನ್ ಸಮ್ಮೇಳನವೊಂದರಲ್ಲಿ ಸೇರಿದ್ದ ಸುಮಾರು ನೂರು ಜನ ವಿಜ್ಞಾನಿಗಳಿಗೆ ಕೆಲವು ಪ್ರಶ್ನೆ ಕೊಟ್ಟರು. ಮುಪ್ಪು ಅಂದರೆ ಏನು? ಯಾವಾಗ ಶುರುವಾಗುತ್ತದೆ? ಯಾಕೆ ಆಗುತ್ತದೆ? ಉತ್ತರಗಳು 2024ರಲ್ಲಿ ಪ್ರಕಟವಾದವು. ಒಂದು ಪ್ರಶ್ನೆಗೂ ಅರ್ಧಕ್ಕಿಂತ ಜಾಸ್ತಿ ಜನ ಒಂದೇ ಉತ್ತರ ಕೊಟ್ಟಿರಲಿಲ್ಲ. ಗರ್ಭ ನಿಂತಾಗಲೇ ಶುರು ಅಂದವರಿದ್ದರು, ಹುಟ್ಟಿದಾಗ ಅಂದವರಿದ್ದರು, ಇಪ್ಪತ್ತು ದಾಟಿದ ಮೇಲೆ ಅಂದವರೂ ಇದ್ದರು. ಕೆಲವರಿಗೆ ಇದನ್ನು ಓದಿ ಬೇಸರವಾಯಿತು. ಜೀವನವೆಲ್ಲ ಇದನ್ನೇ ಓದಿದವರಿಗೆ ಇದು ಏನು ಅಂತಲೇ ಗೊತ್ತಿಲ್ಲವಾ ಎಂದರು. ನನಗೆ ಮಾತ್ರ ನೆಮ್ಮದಿಯಾಯಿತು. ಒಂದೇ ಹಾಲ್‌ನಲ್ಲಿ ಕೂತು ಒಂದೇ ಪದವನ್ನು ಬೇರೆ ಬೇರೆ ಅರ್ಥದಲ್ಲಿ ಬಳಸುತ್ತಿದ್ದೇವೆ ಎಂಬುದನ್ನು ಯಾರೋ ಎಣಿಸಿ, ಬರೆದು, ಮುಂದೆ ಇಟ್ಟರು.

ಇಲಿಗಳ ಪಟ್ಟಿ

"ಆಗಲಿಲ್ಲ" ಎನ್ನುವುದನ್ನು ಹೇಗೆ ಹೇಳಬೇಕು ಅನ್ನುವುದಕ್ಕೆ ಒಂದು ಒಳ್ಳೆಯ ಮಾದರಿ ಈಗಾಗಲೇ ಇದೆ. ಅಮೆರಿಕದ ರಾಷ್ಟ್ರೀಯ ಮುಪ್ಪು ಅಧ್ಯಯನ ಸಂಸ್ಥೆ ನಡೆಸುವ ಇಲಿಗಳ ಪರೀಕ್ಷೆ. ಯಾರು ಬೇಕಾದರೂ ಒಂದು ಔಷಧ ಸೂಚಿಸಬಹುದು. ಅದನ್ನು ಮೂರು ಬೇರೆ ಊರುಗಳ ಲ್ಯಾಬುಗಳಲ್ಲಿ, ಬೇರೆ ಬೇರೆ ತಳಿ ಬೆರೆಸಿ ಹುಟ್ಟಿಸಿದ ಇಲಿಗಳ ಮೇಲೆ, ಏಕಕಾಲಕ್ಕೆ ಪರೀಕ್ಷಿಸುತ್ತಾರೆ. ಫಲಿತಾಂಶ ಏನೇ ಬರಲಿ ಪ್ರಕಟಿಸುತ್ತಾರೆ. ಇಲ್ಲಿಂದ ಬಂದ ದೊಡ್ಡ ಸುದ್ದಿ 2009ರದು, ರಾಪಮೈಸಿನ್ ಎಂಬ ಔಷಧದ್ದು. ಆ ಕಥೆಯಲ್ಲೂ ಒಂದು ಅಡಚಣೆ ಇದೆ. ಔಷಧ ಇಲಿಯ ಆಹಾರದಲ್ಲಿ ಹಾಳಾಗುತ್ತಿತ್ತು. ಅದಕ್ಕೆ ಸಣ್ಣ ಕವಚ ಹಾಕುವ ದಾರಿ ಕಂಡುಕೊಳ್ಳುವಷ್ಟರಲ್ಲಿ ಇಲಿಗಳಿಗೆ 600 ದಿನ ಆಗಿಹೋಗಿತ್ತು, ಮನುಷ್ಯರ ಲೆಕ್ಕದಲ್ಲಿ ಅರವತ್ತರ ಹತ್ತಿರ. ಅಷ್ಟು ತಡವಾಗಿ ಕೊಟ್ಟರೂ ಇಲಿಗಳು ಜಾಸ್ತಿ ಬದುಕಿದವು. ಎಲ್ಲ ಸರಿಯಾಗಿ ನಡೆದಿದ್ದರೆ ಮುಪ್ಪಿನಲ್ಲಿ ಶುರು ಮಾಡಿದರೂ ಕೆಲಸ ಮಾಡುತ್ತದೆ ಎಂಬುದು ಆಗ ಗೊತ್ತೇ ಆಗುತ್ತಿರಲಿಲ್ಲ.

ಆದರೆ ನಾನು ಆ ಯೋಜನೆಯನ್ನು ಮೆಚ್ಚುವುದು ಅದರ ಇನ್ನೊಂದು ಪಟ್ಟಿಗೆ. ದ್ರಾಕ್ಷಿಯಲ್ಲಿರುವ ರೆಸ್ವೆರಾಟ್ರಾಲ್, ಹಸಿರು ಚಹಾದ ಸಾರ, ಅರಿಸಿನದ ಕರ್ಕ್ಯುಮಿನ್, ಮೀನೆಣ್ಣೆ, ಬಿ3 ವಿಟಮಿನ್ನಿನ ಒಂದು ರೂಪವಾದ ನಿಕೊಟಿನಮೈಡ್ ರೈಬೊಸೈಡ್. ಇವು ಯಾವುವೂ ಆ ಇಲಿಗಳ ಆಯಸ್ಸನ್ನು ಹೆಚ್ಚಿಸಲಿಲ್ಲ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಒಂದನ್ನೇ ಕೊಟ್ಟಾಗಲೂ ಎದ್ದು ಕಾಣುವ ಬದಲಾವಣೆ ಆಗಲಿಲ್ಲ. ಇವುಗಳಲ್ಲಿ ಹೆಚ್ಚಿನವು ಡಬ್ಬಿಯಲ್ಲಿ ಸಿಗುತ್ತವೆ. ಜನ ಕಾಸು ಕೊಟ್ಟು ನುಂಗುತ್ತಿದ್ದಾರೆ.

ಇದು ಯಾಕೆ ನೆನಪಾಯಿತು ಅಂದರೆ, ಅದೇ ಸಮ್ಮೇಳನದ ಮೂರನೆಯ ಸಂಜೆ ನಾನು ಮತ್ತೆ ಆ ಕೊನೆಯ ಸಾಲಿಗೆ ಹೋದೆ. ಹುಡುಗಿಯ ಮುಂದೆ ಒಬ್ಬ ಅಜ್ಜ ನಿಂತಿದ್ದರು. ವಿಜ್ಞಾನಿ ಅಲ್ಲ. ತಮ್ಮ ಹಣದಲ್ಲಿ ನೋಂದಾಯಿಸಿಕೊಂಡು ಬಂದಿದ್ದ ಸಾಮಾನ್ಯ ಓದುಗ. ಈ ವಿಷಯದ ಸಮ್ಮೇಳನಗಳಿಗೆ ಇಂಥವರು ಬರುತ್ತಾರೆ. ಕೈಯಲ್ಲಿ ಒಂದು ಸಣ್ಣ ಪುಸ್ತಕ. ಪೋಸ್ಟರಿನ ಮೇಲಿದ್ದ ಔಷಧದ ಹೆಸರಿನ ಕೆಳಗೆ ಬೆರಳಿಟ್ಟು ಕೇಳಿದರು.

"ಇದು ಕೆಲಸ ಮಾಡಲ್ವಾ?"

"ಹುಳಗಳಲ್ಲಿ ಮಾಡಲಿಲ್ಲ ಸರ್. ಮನುಷ್ಯರ ಬಗ್ಗೆ ನಾನು ಹೇಳೋಕಾಗಲ್ಲ."

"ಎಷ್ಟು ಸಲ ಮಾಡಿ ನೋಡಿದ್ರಿ?"

"ನಾಲ್ಕು ಸಲ."

ಅವರು ಪುಸ್ತಕದಲ್ಲಿ 4 ಎಂದು ಬರೆದುಕೊಂಡರು. ಆಮೇಲೆ ತಿರುಗಿಸಿ ಹಿಂದಿನ ಒಂದು ಪುಟ ತೋರಿಸಿದರು. ತಾವು ದಿನಾ ತಗೊಳ್ಳುವ ಮಾತ್ರೆಗಳ ಪಟ್ಟಿ. ಆ ಔಷಧ ಮೂರನೆಯದು. ಎರಡು ವರ್ಷದಿಂದ ತಗೋತಾ ಇದ್ದೀನಿ ಅಂದರು. ಹುಡುಗಿ ಗಾಬರಿಯಾಗಿ, ಡಾಕ್ಟರನ್ನು ಕೇಳದೆ ಏನೂ ಬದಲಾಯಿಸಬೇಡಿ, ಇದು ಬರೀ ಹುಳ ಅಂತ ಎರಡೆರಡು ಸಲ ಹೇಳಿದಳು. ಅವರು ತಲೆಯಾಡಿಸಿ, ಹೆಸರಿನ ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿಕೊಂಡರು. ಹೊರಡುವ ಮುಂಚೆ ನಮ್ಮಿಬ್ಬರನ್ನೂ ನೋಡಿ, "ಇದನ್ನ ಆ ದೊಡ್ಡ ಹಾಲ್‌ನಲ್ಲಿ ಯಾಕೆ ಹೇಳಲಿಲ್ಲ?" ಅಂತ ಕೇಳಿದರು. ಅವರ ಪ್ರಶ್ನೆಯಲ್ಲಿ ಕೊಂಕು ಇರಲಿಲ್ಲ. ನಿಜಕ್ಕೂ ತಿಳಿದುಕೊಳ್ಳಬೇಕಿತ್ತು ಅವರಿಗೆ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಯೋಚಿಸಿದ್ದೇನೆ. ಭಾಷಣಕ್ಕೆ ಸಮಯ ಕಡಿಮೆ, ಅರ್ಜಿ ಜಾಸ್ತಿ. ಆರಿಸುವವರು ಹೊಸದನ್ನು ಹುಡುಕುತ್ತಾರೆ. ಈಗೀಗ ಕೋಪನ್‌ಹೇಗನ್‌ನಲ್ಲಿ ಪ್ರತಿವರ್ಷ ನಡೆಯುವಂಥ ದೊಡ್ಡ ಸಮ್ಮೇಳನಗಳಲ್ಲಿ ವಿಜ್ಞಾನಿಗಳ ಜೊತೆ ಕಂಪನಿಯವರು, ಹಣ ಹೂಡುವವರು ಕೂಡ ಕೂತಿರುತ್ತಾರೆ. ಅದರಿಂದ ಒಳ್ಳೆಯದೂ ಆಗಿದೆ. ಔಷಧ ಪರೀಕ್ಷೆಗೆ ಹಣ ಬೇಕು, ಅದು ಎಲ್ಲಿಂದಲಾದರೂ ಬರಬೇಕು. ಆದರೆ ಹಣ ಹೂಡುವವರ ಮುಂದೆ ನಿಂತು ಒಂದರ ಮೇಲೊಂದು ಕೂತ ಗೆರೆ ತೋರಿಸುವುದು ಇನ್ನೂ ಕಷ್ಟ. ಪ್ರತಿ ಸಮ್ಮೇಳನದಲ್ಲಿ ಒಂದೇ ಒಂದು ಗಂಟೆ, ದೊಡ್ಡ ಹಾಲ್‌ನಲ್ಲಿ, ಊಟಕ್ಕೆ ಮುಂಚೆ, ಆಗದೇ ಹೋದ ಪ್ರಯೋಗಗಳಿಗೆ ಕೊಡಿ ಎಂದು ನಾನು ಸಿಕ್ಕವರನ್ನೆಲ್ಲ ಕೇಳುತ್ತಿದ್ದೇನೆ. ಒಬ್ಬೊಬ್ಬರಿಗೆ ಐದು ನಿಮಿಷ ಸಾಕು. ಔಷಧದ ಹೆಸರು, ಪ್ರಮಾಣ, ಎಷ್ಟು ಪ್ರಾಣಿ, ಎಷ್ಟು ಸಲ. ಗಂಟೆಗೆ ಹನ್ನೆರಡು ಹೆಸರು ಹೊರಬರುತ್ತವೆ. ಹನ್ನೆರಡು ಲ್ಯಾಬುಗಳ ಎರಡೆರಡು ವರ್ಷ ಉಳಿಯುತ್ತದೆ.

ನಮ್ಮ ಲ್ಯಾಬಿನ ಕಪಾಟಿನಲ್ಲೂ ಅಂಥವು ಮೂರು ಇದ್ದವು. ನಾನೇ ಎಣಿಸಿ, ಟೇಪ್ ಕಿತ್ತು ನೋಡಿ, ಮುಚ್ಚಿಟ್ಟದ್ದು. ಕಳೆದ ಸಲ ಅವನ್ನೇ ಪೋಸ್ಟರ್ ಮಾಡಿಕೊಂಡು ಹೋದೆ. ಮೂರು ಚಿತ್ರ, ಮೂರರಲ್ಲೂ ನೀಲಿಯ ಮೇಲೆ ಕಿತ್ತಳೆ. ಮೊದಲ ಒಂದು ಗಂಟೆ ಯಾರೂ ಬರಲಿಲ್ಲ. ಆಮೇಲೆ ಒಬ್ಬ ಹುಡುಗ ಬಂದು ಎರಡನೆಯ ಚಿತ್ರದ ಮುಂದೆ ನಿಂತ. ಬಹಳ ಹೊತ್ತು ನೋಡಿದ. ಆಮೇಲೆ ಬಗ್ಗಿ ಕೆಳಗಿನ ಸಣ್ಣ ಅಕ್ಷರ ಓದಿದ.

"ಮೇಡಂ, ನೀವು ದಿನ ಎಣಿಸಿದ್ದು ಮೊಟ್ಟೆ ಇಟ್ಟಾಗಿನಿಂದಲೋ ಒಡೆದಾಗಿನಿಂದಲೋ?"

ಅಲ್ಲೇ ಬರೆದಿದೆ ನೋಡಿ ಅಂತ ತೋರಿಸಿದೆ. ಅವನು ಫೋನ್ ತೆಗೆದು ಪೋಸ್ಟರಿನ ಫೋಟೊ ತೆಗೆದುಕೊಂಡ. ಪ್ಲೇಟ್‌ಗಳನ್ನು ಎಷ್ಟು ಡಿಗ್ರಿಯಲ್ಲಿ ಇಟ್ಟಿದ್ರಿ ಅಂತ ಕೇಳಿದ. ಅದನ್ನು ಬರೆದಿರಲಿಲ್ಲ. ಪೆನ್ ತೆಗೆದು, ಮೊದಲ ಚಿತ್ರದ ಕೆಳಗೆ 20 ಅಂತ ಬರೆದೆ.